ಹದಿನಾಲ್ಕನೇ ನಂಬರಿನ ಸುತ್ತು

ಮಾರ್ಚ್ 3, ಸೋಮವಾರ

ಬಂದಳು ಮಹಾರಾಯಿತಿ. ಅದೂ ಬಸ್ಸಿನಲ್ಲಿ. ನಗರ ಬಸ್ ಕಚೇರಿಗೆ ಬಸ್ಸಿನಲ್ಲಿ ಬಂದದ್ದನ್ನು ನಮ್ಮ ಸಾಹೇಬರು ಮೇಜಿಂದ ಮೇಜಿಗೆ ಸಾರಿಕೊಂಡು ಬಂದರು. "ನೋಡಿ ಕಲೀರಿ! ನಮ್ಮ ಅಂಗಳದಲ್ಲಿ ಕಾಲಿಡೋಕೆ ಜಾಗ ಇಲ್ಲ, ಬರೀ ನಿಮ್ಮ ಸ್ಕೂಟರು. ಬಸ್ಸು ಓಡಿಸೋರೇ ಬಸ್ಸು ಹತ್ತದಿದ್ರೆ ಊರೋರು ಯಾಕ್ರೀ ಹತ್ತುತಾರೆ?" ಅಂದರು. ಅವರ ಕಾರು ಮಾತ್ರ ಒಳ್ಳೆ ನೆರಳು ನೋಡಿ ನಿಂತಿತ್ತು.

ಕರೆಂಟ್ ಬಸ್ಸುಗಳು ಬರುತ್ತಿವೆ. ಹೊಗೆ ಕಡಿಮೆಯಾಗಬೇಕು, ರಸ್ತೆ ತೆರವಾಗಬೇಕು, ಜನ ತಮ್ಮ ವಾಹನ ಮನೆಯಲ್ಲಿಟ್ಟು ಬಸ್ಸಿಗೆ ಬರಬೇಕು. ಅದಕ್ಕಾಗಿ ಊರಿನ ಮಾರ್ಗಗಳನ್ನೆಲ್ಲ ಹೊಸದಾಗಿ ಬರೆಯಬೇಕು. ಎಲ್ಲಾ ಸರಿ. ಆದರೆ ಇಷ್ಟು ವರ್ಷ ಮಾರ್ಗ ಬರೆದು, ವೇಳಾಪಟ್ಟಿ ಕೂಡಿಸಿ, ಕಣ್ಣಿಗೆ ಕನ್ನಡಕ ತರಿಸಿಕೊಂಡವಳು ನಾನು. ಹೊಸ ಮಾರ್ಗಗಳ ಮುಖ್ಯಸ್ಥೆಯ ಹುದ್ದೆ ನನಗೇ ಎಂದು ಕಚೇರಿಯ ಗೋಡೆಗೂ ಗೊತ್ತಿತ್ತು. ಈಗ ಮೊನ್ನೆ ಮೊನ್ನೆ ಓದು ಮುಗಿಸಿದ ಹುಡುಗಿ ನನ್ನ ಮೇಲಿನವಳು. ಕಿಟಕಿ ಪಕ್ಕದ ಮೇಜನ್ನೂ ಅವಳಿಗೇ ಕೊಟ್ಟರು.

"ಮೇಡಂ, ನಿಮ್ಮಿಂದ ತುಂಬಾ ಕಲಿಯೋದಿದೆ" ಎಂದು ಹಲ್ಲು ಬಿಟ್ಟಳು. ಹಲ್ಲೂ ಚೆನ್ನಾಗಿವೆ.

ಮಾರ್ಚ್ 5, ಬುಧವಾರ

ಇವತ್ತು ನಕಾಶೆಯ ಮೇಲೆ ಸ್ಕೇಲು ಇಟ್ಟು ಗೆರೆ ಎಳೆದಳು. ಅವಳ ಪಾಲಿಗೆ ಊರೆಂದರೆ ನಾಲ್ಕು ಉದ್ದ ಗೆರೆ, ನಾಲ್ಕು ಅಡ್ಡ ಗೆರೆ. ಗೆರೆಗಳು ಕೂಡುವಲ್ಲಿ ಒಂದು ಕೆಂಪು ಚುಕ್ಕೆ. ಆ ಚುಕ್ಕೆಯಲ್ಲಿ ಜನ ಇಳಿದು ಇನ್ನೊಂದು ಬಸ್ಸು ಹತ್ತಬೇಕು. "ನೇರ ಹೋದ್ರೆ ಅದೇ ಬಸ್ಸು ಹೆಚ್ಚು ಸಲ ಓಡಿಸಬಹುದು. ಜನ ಕಾಯೋದೇ ಬೇಡ" ಎನ್ನುತ್ತಾಳೆ. ಅವಳಿಗೆ ನಾನು ಸ್ಕೇಲು ಎಂದು ಹೆಸರಿಟ್ಟಿದ್ದೇನೆ. ಈ ಪುಸ್ತಕದಲ್ಲಿ ಮಾತ್ರ.

ಆಮೇಲೆ ಹದಿನಾಲ್ಕನೇ ನಂಬರಿನ ಮೇಲೆ ಬೆರಳಿಟ್ಟಳು. ಬೆರಳು ಸಂತೆ ಬೀದಿ ಹೊಕ್ಕಿತು, ಎರಡು ಬಡಾವಣೆ ಸುತ್ತಿತು, ಶಾಲೆಯ ಹಿಂದೆ ತಿರುಗಿ, ನಮ್ಮ ಕಚೇರಿ ಬಳಸಿ, ಕೊನೆಗೆ ಆಸ್ಪತ್ರೆ ಗೇಟಿಗೆ ಬಂದು ನಿಂತಿತು. "ಅಯ್ಯೋ, ಇದನ್ನ ಬರೆದವರು ಯಾರು? ಅರ್ಧ ದಾರೀಲೇ ಕರೆಂಟ್ ಖಾಲಿ ಆಗತ್ತೆ!" ಅಂದಳು. ಎಲ್ಲರೂ ನನ್ನ ಕಡೆ ನೋಡಿ ಗೊಳ್ಳೆಂದು ನಕ್ಕರು. ಸಾಹೇಬರೂ ನಕ್ಕರು. ಅವಳು ನಾಲಿಗೆ ಕಚ್ಚಿಕೊಂಡು "ಸಾರಿ ಮೇಡಂ, ಸಾರಿ" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಹದಿನಾಲ್ಕು ಯಾಕೆ ಹಾಗೆ ಸುತ್ತುತ್ತದೆ ಎಂದು ನನಗೊಬ್ಬಳಿಗೇ ಗೊತ್ತು. ಅಕ್ಕ ಆಸ್ಪತ್ರೆಯ ಹೊಲಿಗೆ ಕೋಣೆಗೆ ಸೇರಿದ ವರ್ಷ ಅದನ್ನು ಬರೆದೆ. ಮೊಣಕಾಲು ನೋವಿನವಳು. ಮನೆಯ ಮುಂದೆ ಹತ್ತಿ, ಕೂತಲ್ಲಿಂದ ಏಳದೆ, ಗೇಟಿನ ಮುಂದೆ ಇಳಿಯಬೇಕು. ಅವಳೊಬ್ಬಳಿಗಾಗಿ ಬಸ್ಸು ಓಡಿಸಿ ಎಂದು ಕೇಳಲಾಗುತ್ತದೆಯೇ? ಸಂತೆ ಬೀದಿ, ಬಡಾವಣೆ, ಶಾಲೆ ಎಲ್ಲವನ್ನೂ ಪೋಣಿಸಿ ಮಂಜೂರು ಮಾಡಿಸಿದೆ. ನಾನು ಈ ಕಚೇರಿಯಲ್ಲಿ ಮಾಡಿದ ಒಳ್ಳೆಯ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ಯಾರೂ ಕೇಳಿಲ್ಲ.

ಮಾರ್ಚ್ 7, ಶುಕ್ರವಾರ

ಅಕ್ಕ ಫೋನ್ ಮಾಡಿದ್ದಳು. ಎಂದಿಲ್ಲದ ಹುರುಪು. "ನಿಮ್ಮ ಆಫೀಸಿನ ಹುಡುಗಿ ಸಿಕ್ಕಿದ್ದಳು ಕಣೇ, ಬಸ್ಸಲ್ಲಿ. ಪಾಪ, ಎಷ್ಟು ಒಳ್ಳೆಯವಳು! ದಿನಾ ನನ್ನ ಪಕ್ಕಾನೇ ಕೂತ್ಕೋತಾಳೆ. ನನ್ನ ಚೀಲ ಹಿಡ್ಕೋತಾಳೆ, ಮಂಡಿ ಹೇಗಿದೆ ಅಂತ ಕೇಳ್ತಾಳೆ."

"ನನ್ನ ತಂಗಿ ಅಲ್ಲೇ ಕೆಲಸ ಮಾಡ್ತಾಳೆ ಅಂತ ಹೇಳಿದ್ಯಾ?" ಅಂದೆ.

"ಇಲ್ಲ ಕಣೇ, ಮಾತು ಎಲ್ಲಿಂದೆಲ್ಲಿಗೋ ಹೋಯ್ತು."

ನನ್ನ ಮಾತೇ ಬರದಷ್ಟು ಏನು ಮಾತಾಡಿಕೊಂಡರು ಇಬ್ಬರೂ? ಕೆಲಸ ಕಿತ್ತುಕೊಂಡಳು, ಕಿಟಕಿ ಕಿತ್ತುಕೊಂಡಳು, ಈಗ ಅಕ್ಕನ ಪಕ್ಕದ ಸೀಟಿಗೂ ಬಂದಳು. ಕೋಪ ನೆತ್ತಿಗೇರಿ ಪಲ್ಯ ಸೀದುಹೋಯಿತು. ಯಜಮಾನರು ಏನೂ ಅನ್ನದೆ ಉಂಡರು. ಅದಕ್ಕೂ ಕೋಪ ಬಂತು.

ಮಾರ್ಚ್ 10, ಸೋಮವಾರ

ಸ್ಕೂಟರ್ ಏನೋ ಸದ್ದು ಮಾಡುತ್ತಿದೆ ಎಂದು ಯಜಮಾನರಿಗೆ ಹೇಳಿ ಬಸ್ಸಿಗೆ ಹೋದೆ. ಹದಿನಾಲ್ಕು ನಮ್ಮ ಬೀದಿಯ ತುದಿಯಿಂದಲೇ ಹೊರಡುತ್ತದೆ. ಮೊದಲು ಹತ್ತಿದೆ, ಅಕ್ಕನಿಗೆ ಸೀಟು ಹಿಡಿದೆ. ಅಕ್ಕ ಹತ್ತಿ ನನ್ನನ್ನು ನೋಡಿ "ಇದೇನೇ, ಸೂರ್ಯ ಯಾವ ಕಡೆ ಹುಟ್ಟಿದ?" ಅಂದಳು.

ಮುಂದಿನ ಸ್ಟಾಪಿನಲ್ಲಿ ಸ್ಕೇಲು ಹತ್ತಿದಳು. ನಾವಿಬ್ಬರೂ ಅಕ್ಕ ತಂಗಿ ಎಂದು ಆಗ ಗೊತ್ತಾಗಿ ಬಾಯಿ ಬಿಟ್ಟುಕೊಂಡು ನಿಂತಳು. ನಿಲ್ಲಲಿ. ಕಚೇರಿ ಬರುವವರೆಗೂ ನಿಂತೇ ಇದ್ದಳು. ನಾನು ಮಂಡಿಯ ವಿಷಯ ಕೇಳಿದೆ, ಚೀಲವನ್ನೂ ಹಿಡಿದುಕೊಂಡೆ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮಾರ್ಚ್ 13, ಗುರುವಾರ

ಇವತ್ತೂ ಬಸ್ಸು. ನಾಳೆಯೂ ಬಸ್ಸೇ. ಸ್ಕೂಟರ್ ಸರಿಯಿದೆಯಲ್ಲ ಎಂದರು ಯಜಮಾನರು. ಸೀಟು ಬಿಟ್ಟರೆ ಆ ಹುಡುಗಿ ಕೂತುಬಿಡುತ್ತಾಳೆ ಎಂದು ಹೇಳಲಾಗುತ್ತದೆಯೇ? ಪೆಟ್ರೋಲು, ಹೊಗೆ, ಮುಂದಿನ ಪೀಳಿಗೆ ಎಂದೆಲ್ಲ ಹೇಳಿದೆ. ಅವರು ನನ್ನ ಹಣೆ ಮುಟ್ಟಿ ಜ್ವರ ನೋಡಿದರು.

ಅಕ್ಕನ ಕಿವಿಯ ಹತ್ತಿರ ಕೂದಲು ಪೂರ್ತಿ ಬೆಳ್ಳಗಾಗಿದೆ. ಯಾವಾಗ ಆಯಿತೋ! ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಒರಟಾಗಿದೆ. ಹೊಲಿಗೆ ಕೋಣೆಯ ಮೇಲ್ವಿಚಾರಕಿ ಬಹಳ ಬಿಗಿಯಂತೆ. ಮೇಲಿಂದ ಮೇಲೆ ತಡವಾಗಿ ಹೋದವರನ್ನು ಹೊಲಿಗೆಯಿಂದ ಎಬ್ಬಿಸಿ ಬಟ್ಟೆ ಒಗೆಯುವ ಕಡೆ ಹಾಕುತ್ತಾಳಂತೆ. ಅಲ್ಲಿ ದಿನವಿಡೀ ನಿಂತೇ ಕೆಲಸ. "ಅಲ್ಲಿ ಹಾಕಿದ್ರೆ ನನ್ನ ಕತೆ ಮುಗೀತು. ಈ ಮಂಡಿ ಇಟ್ಕೊಂಡು ಒಂದು ವಾರ ನಿಲ್ಲೋಕಾಗಲ್ಲ" ಅಂದಳು. ಹದಿನಾಲ್ಕು ಇರುವವರೆಗೆ ಆ ಭಯವಿಲ್ಲ ಎಂದೆ. ಅಕ್ಕ ಹೊರಗೆ ನೋಡಿದಳು.

ಮಾರ್ಚ್ 19, ಬುಧವಾರ

ಹದಿನಾಲ್ಕು ಹೋಯಿತು.

ಏಪ್ರಿಲ್ ಮೊದಲ ಸೋಮವಾರದಿಂದ ನಮ್ಮ ಕಡೆಗೆ ಒಂದೇ ನೇರ ಬಸ್ಸು. ಮುಖ್ಯರಸ್ತೆಯಲ್ಲೇ ಬಂದು, ನೀರಿನ ಟ್ಯಾಂಕಿನ ವೃತ್ತ ಹಾದು, ನಮ್ಮ ಕಚೇರಿಗೆ ಹೋಗುತ್ತದೆ. ಆಸ್ಪತ್ರೆಗೆ ಹೋಗುವವರು ವೃತ್ತದಲ್ಲಿ ಇಳಿದು ಅಡ್ಡ ಬಸ್ಸು ಹತ್ತಬೇಕು. ಎರಡೂ ಬಸ್ಸು ಒಂದೇ ಹೊತ್ತಿಗೆ ಬಂದು ಕೂಡುವ ಹಾಗೆ ಸ್ಕೇಲು ವೇಳಾಪಟ್ಟಿ ಮಾಡಿದ್ದಾಳೆ. ಬದಲಾಯಿಸಲು ಎರಡು ನಿಮಿಷ. ಸಾಹೇಬರು ಚಪ್ಪಾಳೆ ತಟ್ಟಿದರು. ಪಕ್ಕದ ಮೇಜಿನ ಗುಮಾಸ್ತನೂ ತಟ್ಟಿದ. ಅವನು ನನ್ನ ಕಡೆಯವನು ಅಂದುಕೊಂಡಿದ್ದೆ.

ನಾನೂ ತಟ್ಟಿದೆ. ಅಂಗೈ ಕೆಂಪಾಗುವ ಹಾಗೆ ತಟ್ಟಿದೆ.

ಮಾರ್ಚ್ 21, ಶುಕ್ರವಾರ

ಸಿಕ್ಕಿಬಿದ್ದಳು!

ಸಂಜೆ ಬರುವಾಗ ಅಕ್ಕನಿಗೆ ಗುಂಡಿ, ದಾರ ಬೇಕಿತ್ತೆಂದು ವೃತ್ತದಲ್ಲಿ ಇಳಿದೆವು. ನೇರ ಬಸ್ಸಿನ ಸ್ಟಾಪು ರಸ್ತೆಯ ಈ ಕಡೆ. ಆಸ್ಪತ್ರೆ ಬಸ್ಸಿನ ಸ್ಟಾಪು ಆ ಕಡೆ. ನಡುವೆ ಆ ಅಗಾಧ ರಸ್ತೆ, ಬರುವ ವಾಹನ, ಹೋಗುವ ವಾಹನ, ದಾಟುವವರಿಗೆ ಒಂದು ಸಿಗ್ನಲ್ಲು. ಹಸಿರು ಬಿದ್ದಾಗ ಅಕ್ಕನ ಕೈ ಹಿಡಿದು ಹೊರಟೆ. ಅರ್ಧಕ್ಕೆ ಬರುವಷ್ಟರಲ್ಲಿ ಕೆಂಪು. ನಡುದಿಬ್ಬದ ಮೇಲೆ ನಿಂತು ಇನ್ನೊಂದು ಹಸಿರಿಗೆ ಕಾದೆವು. ಎರಡು ನಿಮಿಷವಂತೆ, ಎರಡು ನಿಮಿಷ! ನಾವು ಆ ದಡ ಸೇರುವಾಗ ಆಸ್ಪತ್ರೆ ಬಸ್ಸು ಹೋಗಿ ಎಷ್ಟೋ ಹೊತ್ತಾಗಿರುತ್ತದೆ.

ನಕಾಶೆಯಲ್ಲಿ ಅದು ಒಂದೇ ಕೆಂಪು ಚುಕ್ಕೆ. ಪೆನ್ಸಿಲ್ ಹಿಡಿದು ಊರು ನೋಡುವ ನಮ್ಮ ಜಾತಿಯವರಿಗೇ ಆಗುವ ತಪ್ಪು ಇದು. ಅವಳೂ ಅಲ್ಲಿ ಹೋಗಿ ನೋಡಿದ್ದಾಳೆ, ಆದರೆ ಆ ಎಳೇ ಕಾಲಿಗೆ ಅದು ಒಂದೇ ಓಟ.

ಹೇಳುವುದಿಲ್ಲ. ಬಾಯಿಗೆ ಬೀಗ. ಮೊದಲ ದಿನವೇ ಜನ ಬಸ್ಸು ತಪ್ಪಿಸಿಕೊಂಡು ರಸ್ತೆಯಲ್ಲಿ ನಿಂತು ಬೊಬ್ಬೆ ಹೊಡೆಯಲಿ. ಆಗ ಸಾಹೇಬರೇ ನನ್ನ ಮೇಜಿಗೆ ಬರುತ್ತಾರೆ. ಹದಿನಾಲ್ಕನ್ನು ವಾಪಸ್ ತರುತ್ತೇನೆ. ಅಲ್ಲಿಯವರೆಗೆ ಒಂದೆರಡು ದಿನ ಅಕ್ಕನನ್ನು ಸ್ಕೂಟರಿನಲ್ಲಿ ಬಿಟ್ಟರಾಯಿತು.

ಮಾರ್ಚ್ 25, ಮಂಗಳವಾರ

ಸ್ಕೇಲು ನನ್ನ ಮೇಜಿಗೆ ಬಂದು "ವೃತ್ತದ ಲೆಕ್ಕ ಒಂದ್ಸಲ ನೋಡ್ತೀರಾ ಮೇಡಂ? ನಿಮ್ಮ ಕಣ್ಣು ಬಿದ್ರೆ ನನಗೆ ಧೈರ್ಯ" ಅಂದಳು. ನೋಡಿದೆ. "ಬೆಣ್ಣೆಯ ಹಾಗಿದೆ" ಅಂದೆ. ಖುಷಿಯಾಗಿ ಹೋದಳು.

ಊಟ ಸೇರಲಿಲ್ಲ. ಬಿಸಿಲು ಜಾಸ್ತಿ.

ಮಾರ್ಚ್ 28, ಶುಕ್ರವಾರ

ಬಸ್ಸಿನಲ್ಲಿ ಮೂರು ಜನದ ಸೀಟು ಸಿಕ್ಕಿತು. ಅಕ್ಕ ನಡುವೆ, ನಾವಿಬ್ಬರು ಆಚೆ ಈಚೆ. ಸ್ಕೇಲು ಹೇಳಿದ ಯಾವುದೋ ಮಾತಿಗೆ ಅಕ್ಕ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಾನು ಹೇಳಿದ ಮಾತಿಗೆ ಅಕ್ಕ ಹಾಗೆ ನಕ್ಕದ್ದು ಯಾವಾಗ? ಯೋಚಿಸುತ್ತಾ ಕೂತೆ, ಕಚೇರಿಯ ಸ್ಟಾಪು ಬಂದದ್ದೇ ಗೊತ್ತಾಗಲಿಲ್ಲ. ಅವಳೇ "ಮೇಡಂ, ಇಳೀಬೇಕು!" ಎಂದು ಎಬ್ಬಿಸಬೇಕಾಯಿತು.

ಮಾರ್ಚ್ 30, ಭಾನುವಾರ

ಆರಿಸಿದ ದೀಪ ಮತ್ತೆ ಹಾಕಿಕೊಂಡು ಕೂತಿದ್ದೇನೆ. ಬರೆದರೆ ಸರಿಹೋದೀತು.

ಬೆಳಿಗ್ಗೆ ಅಕ್ಕನ ಮನೆಗೆ ಹೋದೆ, ಬೀಗ. ಪಕ್ಕದ ಮನೆಯವರು "ವೃತ್ತದ ಕಡೆ ಹೋಗ್ತೀನಿ ಅಂದ್ರು. ನಿನ್ನೇನೂ ಹೋಗಿದ್ರು" ಎಂದರು. ಸಿಕ್ಕಿದ ಬಸ್ಸು ಹಿಡಿದು ಹೋದೆ.

ಅಕ್ಕ ಅಲ್ಲಿದ್ದಳು. ಕೆಲಸದ ಚೀಲ ಹೆಗಲಿಗೆ ಹಾಕಿಕೊಂಡು, ರಸ್ತೆಯ ಅಂಚಿನಲ್ಲಿ, ಓಟದ ಪಂದ್ಯಕ್ಕೆ ನಿಂತವಳ ಹಾಗೆ. ಹಸಿರು ಬಿದ್ದಿತು. ಅಕ್ಕ ಒಂದು ಕಾಲು ಎಳೆದುಕೊಂಡು ಓಡತೊಡಗಿದಳು. ನಡುದಿಬ್ಬಕ್ಕೆ ಬಂದಳು, ಕೆಂಪು ಬಿದ್ದಿತು, ಆದರೂ ನಿಲ್ಲಲಿಲ್ಲ. ಲಾರಿಯೊಂದು ಕಿರುಚಿಕೊಂಡು ಅವಳ ಮುಂದೆ ನಿಂತಿತು. ಚಾಲಕ ಕತ್ತು ಹೊರಗೆ ಹಾಕಿ ಬಾಯಿಗೆ ಬಂದ ಹಾಗೆ ಬೈದ. ನಾನು ಹೇಗೆ ದಾಟಿದೆನೋ ಗೊತ್ತಿಲ್ಲ, ಅಕ್ಕನ ರಟ್ಟೆ ಹಿಡಿದು ದಡಕ್ಕೆ ಎಳೆದು ತಂದೆ.

"ಬುದ್ಧಿ ಇದೆಯಾ ನಿನಗೆ? ಸಾಯೋಕೆ ಬಂದಿದ್ಯಾ?" ಎಂದು ಕೂಗಾಡಿದೆ.

ಅಕ್ಕ ಸ್ಟಾಪಿನ ಬೆಂಚಿನ ಮೇಲೆ ಕೂತು ಏದುಸಿರು ಬಿಡುತ್ತಾ ನಕ್ಕಳು. "ಅಭ್ಯಾಸ ಮಾಡ್ತಿದ್ದೆ ಕಣೇ. ನಿನ್ನೆಗಿಂತ ಇವತ್ತು ಪರವಾಗಿಲ್ಲ. ಆ ಹುಡುಗಿ ಅಷ್ಟು ಕಷ್ಟಪಟ್ಟು ಮಾಡಿದಾಳೆ. ನನ್ನಂಥ ಕುಂಟಿಯಿಂದ ಅವಳ ಹೆಸರು ಕೆಡಬಾರದು."

"ಅವಳಿಗೆ ಹೇಳಬಹುದಿತ್ತಲ್ಲ, ದಾಟೋಕಾಗಲ್ಲ ಅಂತ!"

"ಹೇಳಿದ್ರೆ ಬೇಜಾರು ಮಾಡ್ಕೋತಾಳೆ. ಮೊದಲನೇ ದೊಡ್ಡ ಕೆಲಸ."

ಆಗ ನನ್ನ ಬಾಯಿಂದ ಬಂದೇಬಿಟ್ಟಿತು. ನಡುಬೀದಿಯಲ್ಲಿದ್ದೇವೆ ಎಂದು ಕೂಡ ನೋಡಲಿಲ್ಲ. "ಮೊನ್ನೆ ಬಂದೋಳಿಗಾಗಿ ಲಾರಿ ಕೆಳಗೆ ಬೀಳ್ತೀಯ! ನನಗಾಗಿ ಒಂದು ದಿನ, ಒಂದೇ ಒಂದು ದಿನ, ಏನಾದರೂ ಮಾಡಿದೀಯಾ ಅಕ್ಕಾ? ನಿನಗೋಸ್ಕರ ಇಡೀ ಬಸ್ಸನ್ನೇ ತಿರುಗಿಸಿದವಳು ನಾನು!"

ಅಕ್ಕ ಮಂಡಿ ಒತ್ತಿಕೊಳ್ಳುತ್ತಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು. "ಆ ಬಸ್ಸಲ್ಲಿ ಸುತ್ತಿ ಸುತ್ತಿ ನನಗೆ ವಾಂತಿ ಬರತ್ತೆ ಕಣೇ. ಮೊದಲಿಂದಲೂ. ಸಂತೆ ಬೀದೀಲಿ ಸಿಕ್ಕಿಹಾಕ್ಕೊಂಡ್ರೆ ಮಂಡಿ ಮರಗಟ್ಟಿಹೋಗತ್ತೆ. ಬೇಗ ಹೋಗೋ ಬಸ್ಸು ಅಂತ ಮುಖ್ಯರಸ್ತೇಲಿ ಬೇರೆ ಇತ್ತು. ಸ್ವಲ್ಪ ನಡೀಬೇಕು, ಅಷ್ಟೇ. ಎಲ್ಲರೂ ಅದಕ್ಕೇ ಹೋಗು ಅಂತಿದ್ರು."

"ಮತ್ತೆ ಯಾಕೆ ಹೋಗಲಿಲ್ಲ?"

"ಹದಿನಾಲ್ಕು ನೀನು ಬರೆದಿದ್ದಲ್ವೇನೇ."

ಇಬ್ಬರೂ ಒಂದೇ ಬಸ್ಸು ಹತ್ತಿ ಮನೆಗೆ ಬಂದೆವು. ಅಕ್ಕ ನನ್ನ ಕೈ ಮೇಲೆ ಕೈ ಇಟ್ಟುಕೊಂಡು ನಿದ್ದೆ ಹೋದಳು.

ಮಾರ್ಚ್ 31, ಸೋಮವಾರ

ಸ್ಕೇಲಿನ ಮೇಜಿಗೆ ಹೋಗಿ, ಕುರ್ಚಿ ಎಳೆದುಕೊಂಡು ಕೂತು, "ವೃತ್ತದ ಲೆಕ್ಕ ತಪ್ಪು" ಅಂದೆ. ಚುಕ್ಕೆ ಒಂದಲ್ಲ, ಎರಡು. ನಡುವೆ ಇರುವುದು ರಸ್ತೆ. ಜನ ರಸ್ತೆ ದಾಟಬಾರದು, ಬಸ್ಸು ದಾಟಬೇಕು. ಆಸ್ಪತ್ರೆ ಬಸ್ಸು ವೃತ್ತವನ್ನು ಸುತ್ತಿ ಬಂದು ನೇರ ಬಸ್ಸಿನ ಹಿಂದೆಯೇ, ಅದೇ ಕಟ್ಟೆಗೆ ನಿಲ್ಲಲಿ. ಇವರು ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಅದರ ಬಾಗಿಲು.

"ಸುತ್ತಿ ಬಂದ್ರೆ ಗೆರೆ ಬಾಗುತ್ತಲ್ಲಾ ಮೇಡಂ..." ಎಂದು ರಾಗ ಎಳೆದಳು.

"ಬಾಗಲಿ. ಎಲ್ಲಿ ಬಾಗಬೇಕು, ಎಷ್ಟು ಬಾಗಬೇಕು ಅನ್ನೋದು ಗೊತ್ತಿದ್ರೆ ಸಾಕು" ಎಂದೆ. ಹಾಗಂದ ಮೇಲೆ ನನಗೇ ಮುಖ ಬಿಸಿಯಾಯಿತು.

ಬಹಳ ಹೊತ್ತು ನಕಾಶೆ ನೋಡಿದಳು. ಮುಖ ಬೆಳ್ಳಗಾಗಿತ್ತು. "ದಿನಾ ನಿಮ್ಮ ಅಕ್ಕನ ಪಕ್ಕ ಕೂತಿದ್ದೆ. ನನಗೆ ಹೊಳೀಲೇ ಇಲ್ಲ" ಅಂದಳು. ಆ ಮಾತಿಗೆ ನನಗೆ ಖುಷಿಯಾಗಬೇಕಿತ್ತು. ಹದಿನಾಲ್ಕರಲ್ಲಿ ಅಕ್ಕನ ಪಾಡು ಇಷ್ಟು ವರ್ಷ ನನಗೂ ಹೊಳೆದಿರಲಿಲ್ಲ ಎಂದು ಅನ್ನಬೇಕೆನಿಸಿತು, ಅನ್ನಲಿಲ್ಲ. ಇಬ್ಬರೂ ಸೇರಿ ಸಮಯಗಳನ್ನು ಮತ್ತೆ ಕೂಡಿಸಿದೆವು. ವೃತ್ತದ ಹೊತ್ತುಗಳನ್ನು ನಾನೇ ಬರೆದೆ. ಅವಳ ಅಕ್ಷರ ಕೋಳಿ ಕೆರೆದ ಹಾಗಿದೆ, ದೇವರು ಒಂದಾದರೂ ಕಡಿಮೆ ಕೊಟ್ಟಿದ್ದಾನೆ.

ಏಪ್ರಿಲ್ 2, ಬುಧವಾರ

ಸಭೆಯಲ್ಲಿ ಎಲ್ಲರ ಮುಂದೆ ಎದ್ದು ನಿಂತು, "ಇದು ನನ್ನ ತಪ್ಪು, ಸರಿಮಾಡಿದ್ದು ಮೇಡಂ" ಅಂದಳು. ಅವಳಿಗೆ ಆ ಮಾತು ಎಷ್ಟು ಸಲೀಸಾಗಿ ಬರುತ್ತದೆ! ಅದಕ್ಕೂ ಹೊಟ್ಟೆ ಉರಿಯಿತು. ಸಾಹೇಬರು ಚಪ್ಪಾಳೆ ತಟ್ಟಿದರು. ಅವರಿಗೆ ಯಾವುದಾದರೂ ಒಂದಕ್ಕೆ ತಟ್ಟಬೇಕು.

ಸ್ಕೂಟರನ್ನು ಯಜಮಾನರ ತಮ್ಮ ಕೇಳಿದ. ತಗೊಂಡು ಹೋಗು, ಸುಮ್ಮನೆ ಧೂಳು ತಿನ್ನುತ್ತಿದೆ ಎಂದೆ.

ಏಪ್ರಿಲ್ 7, ಸೋಮವಾರ

ಮೊದಲ ದಿನ. ಕರೆಂಟ್ ಬಸ್ಸಿಗೆ ಸದ್ದೇ ಇಲ್ಲ. ಪಕ್ಕದವರು ಪಿಸುಗುಟ್ಟಿದ್ದೂ ಕೇಳುತ್ತದೆ. ಕಾಲೇಜು ಹುಡುಗಿಯರು, ಕೈಚೀಲದವರು, ನಮ್ಮ ಗುಮಾಸ್ತ ಕೂಡ ಹತ್ತಿದ್ದ. ಸ್ಕೇಲು ಮುಂದೆ ಚಾಲಕನ ಹಿಂದೆ ನಿಂತು ಉಗುರು ಕಚ್ಚುತ್ತಿದ್ದಳು. ಅಕ್ಕನ ಪಕ್ಕ ನಾನಿದ್ದೆ.

ಒಂದು ವಾರದಿಂದ ಅಕ್ಕನಿಗೆ ಒಂದು ಮಾತು ಹೇಳುವುದಿತ್ತು. ಇವತ್ತು ಹೇಳಿಯೇ ಬಿಡಬೇಕೆಂದು ರಾತ್ರಿಯೆಲ್ಲ ಜೋಡಿಸಿಕೊಂಡಿದ್ದೆ. ಹದಿನಾಲ್ಕರಲ್ಲಾದರೆ ಆರಾಮವಾಗಿ ಸಂತೆ ಬೀದಿ ದಾಟಿದ ಮೇಲೆ ಶುರುಮಾಡಿ ಶಾಲೆ ಬರುವಷ್ಟರಲ್ಲಿ ಮುಗಿಸಬಹುದಿತ್ತು. ಅದೇ ಅಂದಾಜಿನಲ್ಲಿ ಕೂತಿದ್ದೆ.

"ಅಕ್ಕಾ," ಅಂದೆ. "ಇಷ್ಟು ವರ್ಷ ಆ ಬಸ್ಸಲ್ಲಿ ನಿನ್ನನ್ನ..."

"ಅಯ್ಯೋ, ವೃತ್ತ ಬಂದೇಬಿಡ್ತಲ್ಲೇ!" ಎಂದು ಅಕ್ಕ ಎದ್ದಳು. "ಇಷ್ಟು ಬೇಗ! ಸಂಜೆ ಹೇಳೇ, ಆಯ್ತಾ?"

ಆಸ್ಪತ್ರೆ ಬಸ್ಸು ವೃತ್ತ ಸುತ್ತಿ ಬಂದು ಹಿಂದೆಯೇ ನಿಂತಿತ್ತು, ಬಾಗಿಲು ತೆರೆದುಕೊಂಡು. ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದೆ. ಅಕ್ಕ ಓಡಲಿಲ್ಲ. ಕಾಲು ಎಳೆಯುತ್ತಲೇ, ತನ್ನ ಪಾಡಿಗೆ ತಾನು ನಾಲ್ಕು ಹೆಜ್ಜೆ ಇಟ್ಟು ಹತ್ತಿದಳು, ಸೀಟು ಸಿಕ್ಕಿತು, ಕೂತಳು. ಯಾರೊಂದಿಗೋ ಆಗಲೇ ಮಾತು ಶುರುಮಾಡಿದ್ದಳು. ಬಾಗಿಲು ಮುಚ್ಚಿತು. ನಾನು ಬರೆದ ಹೊತ್ತಿಗೆ ಸರಿಯಾಗಿ ಬಸ್ಸು ಹೊರಟುಹೋಯಿತು.

ಒಂದು ನಿಮಿಷ ತಡವಾಗಿದ್ದರೆ ಆ ದರಿದ್ರ ಬಸ್ಸಿನ ಗಂಟು ಏನು ಹೋಗುತ್ತಿತ್ತು?